ಜಾನಕಮ್ಮನವರ ಮೊಸರೂ ಕೈಲಾಸನ ಪೀಠವೂ

ಹಾಲು ಮೊಸರಾಗದಿದ್ದರೆ ಹಾಲಿನವನನ್ನು ಬೈಯಬಹುದು, ಹವೆಯನ್ನು ಬೈಯಬಹುದು, ತೀರ ತಡೆಯಲಾರದೆ ಹೋದರೆ ಸೊಸೆಯನ್ನು ಬೈಯಬಹುದು. ಜಾನಕಮ್ಮನವರಿಗೆ ಸೊಸೆ ಇರಲಿಲ್ಲ. ಹಾಗಾಗಿ ಅವರು ಮೇಲಿನ ಮಹಡಿಯ ಕೈಲಾಸನನ್ನು ಬೈದರು.

"ನಿನ್ನ ಆ ಎರಡು ಕಂಬ ಬಂದಾಗ್ಲಿಂದ ನಮ್ಮನೇಲಿ ಮೊಸರು ಅನ್ನೋದನ್ನೇ ಕಂಡಿಲ್ಲ ಕಣೋ," ಎನ್ನುತ್ತ ಅವರು ಬಾಗಿಲಲ್ಲೇ ನಿಂತು ಒಂದು ಸ್ಟೀಲ್ ಪಾತ್ರೆಯನ್ನು ಅವನ ಮೂಗಿನ ಕೆಳಗೆ ಹಿಡಿದರು. ಒಳಗೆ ತರಿತರಿಯಾಗಿ ಒಡೆದು, ಮೇಲೆ ನೀರು ನಿಂತ ಏನೋ ಒಂದು ಇತ್ತು. "ಇದನ್ನ ಏನಂತ ಕರೀಬೇಕು, ಹೇಳು. ಹಾಲೂ ಅಲ್ಲ, ಮೊಸರೂ ಅಲ್ಲ."

"ಸಾರಿ ಮಿಸ್," ಎಂದ ಕೈಲಾಸ.

ಅವನಿಗೆ ಅರ್ಧ ತಲೆ ನೆರೆತಿದೆ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಾನೆ, ಹಿಂದಿನ ಬೆಂಚಿನ ಹುಡುಗರೂ ಅವನಿಗೆ ಹೆದರುತ್ತಾರೆ. ಆದರೆ ಜಾನಕಮ್ಮನವರು ಅವನಿಗೆ ಏಳನೇ ಕ್ಲಾಸಿನಲ್ಲಿ ಕನ್ನಡ ಕಲಿಸಿದವರು. ಬಸವನಗುಡಿಯಲ್ಲಿ ಮನೆ ಕೊಳ್ಳುವಾಗ ಜನ ನೀರು ನೋಡುತ್ತಾರೆ, ವಾಸ್ತು ನೋಡುತ್ತಾರೆ, ಕೆಳಗಿನ ಮನೆಯಲ್ಲಿ ತಮ್ಮ ಹಳೇ ಮಿಸ್ ಇದ್ದಾರೆಯೇ ಎಂದು ಯಾರೂ ನೋಡುವುದಿಲ್ಲ. ಅವನೂ ನೋಡಿರಲಿಲ್ಲ. ಸಾಲದ್ದಕ್ಕೆ ಅವರು ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿಗೆ ಅಧ್ಯಕ್ಷೆ ಬೇರೆ.

ಕಂಬ ಎಂದು ಅವರು ಹೇಳಿದ್ದು ಅವನ ಸ್ಪೀಕರುಗಳನ್ನು. ಎದೆಮಟ್ಟ ಎತ್ತರದ, ನೆಲದ ಮೇಲೆ ನಿಲ್ಲಿಸುವ ಜೋಡಿ. ಒಂದೊಂದೂ ಅಕ್ಕಿ ಮೂಟೆಯ ತೂಕ. ಡಿಗ್ರಿ ಓದುವಾಗ ಯಾರದೋ ಮನೆಯಲ್ಲಿ ಅಂಥ ಜೋಡಿಯ ಮುಂದೆ ಕೂತು ಮೃದಂಗ ಕೇಳಿದ್ದ. ಎಡಮುಖದ ಆ 'ಗುಂ' ಎನ್ನುವ ನಾದ ಕಿವಿಗೆ ಬೀಳುವ ಮೊದಲೇ ಹೊಟ್ಟೆಗೆ ಬಿದ್ದಿತ್ತು. ಅಂದು ಹುಟ್ಟಿದ ಆಸೆ ಮದುವೆ, ಮನೆ ಸಾಲ, ಮಗಳ ಓದು ಎಲ್ಲವನ್ನೂ ದಾಟಿಕೊಂಡು ಈ ವರ್ಷ ಕೈಗೂಡಿತ್ತು. ಮಲ್ಲೇಶ್ವರದಿಂದ ಸೆಕೆಂಡ್ ಹ್ಯಾಂಡ್ ಜೋಡಿಯೊಂದು ಲಿಫ್ಟಿನಲ್ಲಿ ಹಿಡಿಯದೆ ಮೆಟ್ಟಿಲು ಹತ್ತಿ ಬಂದಿತ್ತು. ಮೊದಲ ದಿನ ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿ ಪ್ರಿಯಂವದಾ ಅದನ್ನು ನೋಡಿ, "ಹೆಣ್ಣು ನೋಡಕ್ಕೆ ಬಂದಾಗ ಹೀಗೆ ಅತ್ತಿರಲಿಲ್ಲ ನೀವು," ಎಂದಳು.

ಅಪಾರ್ಟ್‌ಮೆಂಟಿನ ಫಜೀತಿ ಏನೆಂದರೆ, ನಮ್ಮ ನೆಲ ಇನ್ನೊಬ್ಬರ ಸೂರು. ಭಾರದ ಸ್ಪೀಕರು ನೆಲಕ್ಕೆ ಊರಿ ನಿಂತು 'ಗುಂ' ಎಂದರೆ ಆ ಗುಂ ನೆಲದೊಳಕ್ಕೆ ಇಳಿದು, ಗೋಡೆ ಹಿಡಿದು, ಕೆಳಗಿನ ಅಡುಗೆಮನೆಯ ತಟ್ಟೆ ಸ್ಟ್ಯಾಂಡಿಗೆ ಹೋಗಿ ಜಣಜಣ ಎನ್ನುತ್ತದೆ. ಜಾನಕಮ್ಮನವರ ತಟ್ಟೆಗಳು ಎರಡು ತಿಂಗಳಿಂದ ತಾಳ ಹಾಕುತ್ತಿದ್ದವು. ಅದನ್ನಾದರೂ ಅವರು ಸಹಿಸಿದ್ದರು. ಮೊಸರು ಕೆಟ್ಟಿದ್ದನ್ನು ಮಾತ್ರ ಸಹಿಸಲಿಲ್ಲ.

ಸಹಿಸುವಂಥದ್ದೂ ಅಲ್ಲ ಅದು. ಜಾನಕಮ್ಮನವರ ಮೊಸರು ಎಂದರೆ ಚಮಚ ನೆಟ್ಟರೆ ನೆಟ್ಟ ಹಾಗೇ ನಿಲ್ಲುವ ಮೊಸರು. ಆ ಕಟ್ಟಡದ ಅಷ್ಟೂ ಮನೆಗಳ ಮೊಸರಿಗೆ ತಾಯಿಬೇರು ಅವರ ಹೆಪ್ಪು. ಯಾರಾದರೂ ಊರಿಗೆ ಹೋಗಿ ಬಂದರೆ ಸೂಟ್‌ಕೇಸ್ ಇಳಿಸಿ ಮೊದಲು ಬಟ್ಟಲು ಹಿಡಿದು ಅವರ ಬಾಗಿಲಿಗೆ ಬರುತ್ತಿದ್ದರು. ಈಗ ಅವರೇ ಬಟ್ಟಲು ಹಿಡಿದು ಎದುರು ಮನೆಯ ಶೈಲಜಮ್ಮನ ಬಾಗಿಲಿಗೆ ಹೋಗಿ ಹೆಪ್ಪು ಕೇಳುವಂತಾಗಿತ್ತು. ಕೊಟ್ಟ ಕೈಗೆ ಬೇಡುವುದು ಬಲು ಕಷ್ಟ.

"ಮುಂದಿನ ತಿಂಗಳ ಮೀಟಿಂಗ್‌ವರೆಗೆ ಟೈಮ್ ಕೊಡ್ತೀನಿ," ಎಂದರು ಜಾನಕಮ್ಮ. "ಅಷ್ಟರಲ್ಲಿ ಏನಾದ್ರೂ ಮಾಡು. ಇಲ್ದೇ ಹೋದ್ರೆ ಕಂಬ ಮನೆಯಿಂದ ಆಚೆಗೆ."

ಕೈಲಾಸ ಗೆಳೆಯ ಶಶಿಕಿರಣನಿಗೆ ಫೋನ್ ಮಾಡಿದ. ಶಶಿಕಿರಣನಿಗೆ ಸ್ಪೀಕರಿನ ಹುಚ್ಚು ಇವನಿಗಿಂತ ಹೆಚ್ಚು. ಇಂಟರ್‌ನೆಟ್ಟಿನಲ್ಲಿ ಓದಿದ್ದನ್ನೆಲ್ಲ ಇನ್ನೊಬ್ಬರ ಮನೆಯಲ್ಲಿ ಪರೀಕ್ಷೆ ಮಾಡುವ ಒಳ್ಳೆಯ ಅಭ್ಯಾಸವೂ ಅವನಿಗಿತ್ತು.

"ಸ್ಪೈಕ್ ಹಾಕು ಮಗಾ," ಎಂದ. ಸ್ಪೈಕ್ ಎಂದರೆ ಸ್ಪೀಕರಿನ ಅಡಿಗೆ ಕೂರಿಸುವ ಚೂಪು ಮೊಳೆ. ಹಾಕಿದ್ದಾಯಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಟೈಲ್ಸ್ ಬಿರುಕು ಬಿಟ್ಟಿತು, ಕೆಳಗೆ ತಟ್ಟೆಗಳ ಜೊತೆ ಲೋಟಗಳೂ ಸೇರಿಕೊಂಡವು. ಆಮೇಲೆ ಪ್ರಿಯಂವದಾಳ ಯೋಗದ ಚಾಪೆ ಮಡಿಸಿ ಹಾಕಿದರು. ಆಮೇಲೆ ಟೆನಿಸ್ ಚೆಂಡುಗಳನ್ನು ಅರ್ಧ ಕೊಯ್ದು ಅವುಗಳ ಮೇಲೆ ಸ್ಪೀಕರ್ ನಿಲ್ಲಿಸಿದರು. ಪಕ್ಕದಲ್ಲಿ ಯಾರಾದರೂ ನಡೆದರೆ ಸಾಕು, ಅದು ಮದುವೆ ಊಟ ಮುಗಿಸಿ ಎದ್ದವರ ಹಾಗೆ ತೂಗಾಡುತ್ತಿತ್ತು.

"ಜೋಗುಳ ಹಾಡಲಾ?" ಎಂದು ಕೇಳಿದಳು ಪ್ರಿಯಂವದಾ.

ಕೊನೆಗೆ ಶಶಿಕಿರಣ ಗಂಭೀರವಾಗಿ ಒಂದು ಮಾತು ಹೇಳಿದ. "ಗುರು, ಸ್ಪೀಕರ್ ಗಟ್ಟಿಯಾಗಿ ನಿಲ್ಲಬೇಕು, ಅದರ ನಡುಕ ನೆಲಕ್ಕೆ ಮುಟ್ಟಬಾರದು. ಅದಕ್ಕೆ ಕೆಳಗೆ ರಬ್ಬರ್, ರಬ್ಬರ್ ಮೇಲೆ ದಪ್ಪ ಕಲ್ಲು, ಕಲ್ಲಿನ ಮೇಲೆ ಸ್ಪೀಕರ್. ಇದೊಂದು ಮಾಡಿ ನೋಡು."

ರಬ್ಬರ್ ಕಲಾಸಿಪಾಳ್ಯದಲ್ಲಿ ಸಿಕ್ಕಿತು. ಲಾರಿ ಇಂಜಿನ್ನಿನ ಅಡಿಗೆ ಹಾಕುವ ದಪ್ಪನೆಯ ಬಿಲ್ಲೆಗಳು. ಅಲ್ಲೇ ಹಿಂದಿನ ಬೀದಿಯಲ್ಲಿ ಕಲ್ಲು ಕೆಲಸದ ಪುಟ್ಟಯ್ಯನ ಅಂಗಡಿ ಇತ್ತು. ಅವನ ಮುಂದೆ ನಿಂತಾಗ ಕೈಲಾಸನಿಗೆ ಕಲ್ಲಿನ ತುಂಡಿಗೆ ಏನೆನ್ನಬೇಕೆಂದು ತಕ್ಷಣ ಹೊಳೆಯಲಿಲ್ಲ. ಸ್ವಲ್ಪ ಯೋಚಿಸಿ, ತನ್ನ ಸ್ಪೀಕರಿನ ಘನತೆಗೆ ತಕ್ಕ ಪದವನ್ನೇ ಆರಿಸಿದ.

"ಕರಿಕಲ್ಲಲ್ಲಿ ಎರಡು ಪೀಠ ಬೇಕಿತ್ತು."

ಪುಟ್ಟಯ್ಯ ಬೀಡಿ ಆರಿಸಿದ. "ಎರಡು ಅಂದ್ರೆ, ಜೋಡಿಯಾ ಸ್ವಾಮಿ?"

"ಹೌದು, ಜೋಡಿ. ಒಂದನ್ನ ಬಿಟ್ಟು ಒಂದು ಇರಲ್ಲ."

"ಕೂತಿರೋದಾ, ನಿಂತಿರೋದಾ?"

"ನಿಂತಿರೋದು. ಇಷ್ಟೆತ್ತರ," ಎಂದು ಕೈಲಾಸ ಎದೆ ಮುಟ್ಟಿ ತೋರಿಸಿದ.

"ಮುಖ ಯಾವ ಕಡೆಗೆ?"

ಇಷ್ಟೊಂದು ವಿಚಾರಿಸುತ್ತಾನಲ್ಲ ಎಂದು ಕೈಲಾಸನಿಗೆ ಹಿಗ್ಗಾಯಿತು. "ಎರಡೂ ನನ್ನ ಕಡೆಗೇ ನೋಡ್ಬೇಕು. ನಾನು ಎದುರಿಗೆ ನೆಲದ ಮೇಲೆ ಕೂತಿರ್ತೀನಿ. ದಿನಾ ಸಂಜೆ."

ಪುಟ್ಟಯ್ಯ ಅಷ್ಟರಲ್ಲಿ ಎದ್ದು ನಿಂತಿದ್ದ. "ಅಷ್ಟು ದೊಡ್ಡದನ್ನ ಮನೇಲಿ ಇಟ್ಕೋಬಾರದು ಅಂತಾರಲ್ಲ ಸ್ವಾಮಿ?"

"ಎಲ್ಲರೂ ಅದನ್ನೇ ಹೇಳ್ತಾರೆ," ಎಂದು ನಿಟ್ಟುಸಿರು ಬಿಟ್ಟ ಕೈಲಾಸ. "ಆದ್ರೆ ನನಗೆ ಚಿಕ್ಕ ವಯಸ್ಸಿಂದ ಇದೇ ಆಸೆ."

ಪುಟ್ಟಯ್ಯ ಕೈ ಮುಗಿದ. ಕಾಮರ್ಸ್ ಮೇಷ್ಟ್ರುಗಳಿಗೆ ಅಂಗಡಿಯವರು ಕೈ ಮುಗಿಯುವುದು ಅಪರೂಪ. ಆಗಲಾದರೂ ಅನುಮಾನ ಬರಬೇಕಿತ್ತು, ಬರಲಿಲ್ಲ.

ಹದಿನೈದು ದಿನದ ಮೇಲೆ ಪೀಠಗಳು ಬಂದವು. ನಿಜವಾದ ಪೀಠಗಳೇ. ಸುತ್ತಲೂ ಎರಡು ಸಾಲು ಕಮಲದ ದಳ. ಮೇಲೆ ನುಣ್ಣನೆಯ ಹೊಳಪು. ಎಡಗಡೆ ಅಭಿಷೇಕದ ನೀರು ಹರಿದು ಹೋಗಲು ಹಸುವಿನ ಮೂತಿಯಂಥ ಒಂದು ತೂಬು. ಹೊತ್ತು ತಂದವರು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟೇ ಹತ್ತಿದ್ದರು. ಅದನ್ನು ನೋಡಿದ ಶೈಲಜಮ್ಮ ಮನೆಯೊಳಕ್ಕೆ ಓಡಿ, ಸೀರೆ ಬದಲಾಯಿಸಿ, ಹೂವು ಕಾಯಿ ಇಟ್ಟ ತಟ್ಟೆ ಹಿಡಿದು ಮೇಲೆ ಬಂದರು. ಶೈಲಜಮ್ಮನ ಯಜಮಾನರಿಗೆ ಕಾಟನ್‌ಪೇಟೆಯಲ್ಲಿ ಬಟ್ಟೆ ವ್ಯಾಪಾರ. ಆಕೆಗೆ ಬೆಳಿಗ್ಗೆ ಗೊತ್ತಾದ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಕಾಟನ್‌ಪೇಟೆಗೆಲ್ಲ ಗೊತ್ತಾಗಿರುತ್ತದೆ.

"ಯಾವ ದೇವರು ಕೈಲಾಸ್ ಅವರೇ? ಒಂದು ಮಾತು ಹೇಳ್ಲೇ ಇಲ್ವಲ್ಲ!"

ಅವರ ಹಿಂದೆ ಒಬ್ಬೊಬ್ಬರಾಗಿ ಇಡೀ ಕಟ್ಟಡವೇ ಬಂತು. ಕೊನೆಗೆ ಜಾನಕಮ್ಮನವರೂ ಕೋಲೂರಿಕೊಂಡು ಬಂದರು. ಹಜಾರದಲ್ಲಿ ಕಮಲದ ಮೇಲೆ ಅಕ್ಕಪಕ್ಕ ನಿಂತ ಎರಡು ಸ್ಪೀಕರುಗಳನ್ನು ನೋಡಿದರು. ತೂಬು ನೋಡಿದರು. ಕೈಲಾಸನ ಮುಖ ನೋಡಿದರು.

"ಏನಂತ ಕೇಳಿದೆ ಅಂಗಡೀಲಿ?"

"ಪೀಠ ಅಂತ, ಮಿಸ್."

"ಚಪ್ಪಡಿ ಅನ್ನಬೇಕಿತ್ತು," ಎಂದರು ಜಾನಕಮ್ಮ. "ಪೀಠ ಅಂದ್ರೆ ಪೀಠಾನೇ ಕೊಡ್ತಾರೆ, ಅವನದ್ದೇನು ತಪ್ಪು? ಅರ್ಥ ಬರೀರಿ ಅಂದಾಗೆಲ್ಲ ಕಿಟಕಿ ಆಚೆ ನೋಡ್ತಾ ಕೂರ್ತಿದ್ದೆ, ಈಗ ಅನುಭವಿಸು." ಹೇಳುತ್ತ ಹೇಳುತ್ತಲೇ ಅವರಿಗೆ ನಗು ಬಂತು. ಕಣ್ಣೊರೆಸಿಕೊಂಡು, ಸೋಫಾದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ತಂದ ಕಾಯನ್ನು ವಾಪಸು ಒಯ್ಯಬಾರದೆಂದು ಶೈಲಜಮ್ಮ ಅಲ್ಲೇ ಒಡೆದು, ಎರಡೂ ಸ್ಪೀಕರಿಗೆ ಒಂದೊಂದು ಸೇವಂತಿಗೆ ಏರಿಸಿ ಹೋದರು.

ಏನೇ ಆಗಲಿ, ಪೀಠ ಕೆಲಸ ಮಾಡಿತು. ಅವತ್ತು ಸಂಜೆ ಕೈಲಾಸ ಮೃದಂಗ ಹಾಕಿ, ಕೆಳಗೆ ಓಡಿ ಹೋಗಿ ಜಾನಕಮ್ಮನವರ ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತ. ತಟ್ಟೆ, ಲೋಟ, ಸೌಟು ಒಂದೂ ಉಸಿರೆತ್ತಲಿಲ್ಲ. ಮೇಲೆ ಬಂದರೆ 'ಗುಂ' ಮೊದಲಿಗಿಂತ ದುಂಡಗೆ, ಸ್ಪಷ್ಟವಾಗಿ ಹೊಟ್ಟೆಗೆ ಬೀಳುತ್ತಿತ್ತು. ಅವನು ಪ್ರಿಯಂವದಾಳ ಕೈ ಹಿಡಿದು ಹಜಾರದಲ್ಲಿ ಒಂದು ಸುತ್ತು ಕುಣಿದುಬಿಟ್ಟ.

ಮಾರನೇ ಬೆಳಿಗ್ಗೆ ಬಾಗಿಲಲ್ಲಿ ಮತ್ತೆ ಆ ಸ್ಟೀಲ್ ಪಾತ್ರೆ. ಮತ್ತೆ ಅದೇ ತರಿ, ಅದೇ ನೀರು.

"ತಟ್ಟೆಗಳು ಸುಮ್ಮನಾಗಿವೆ, ಒಪ್ಕೋತೀನಿ," ಎಂದರು ಜಾನಕಮ್ಮ. "ಆದ್ರೆ ನಮ್ಮ ಕಿವಿಗೆ ಕೇಳಿಸದೇ ಇರೋದು ಹೆಪ್ಪಿಗೆ ಕೇಳಿಸುತ್ತೆ ಕಣೋ."

ಕೈಲಾಸನಿಗೆ ಅಳು ಬರುವುದೊಂದು ಬಾಕಿ. "ಮಿಸ್, ಒಂದು ಪರೀಕ್ಷೆ ಮಾಡೋಣ. ಭಾನುವಾರ ಮೀಟಿಂಗ್ ಇದೆ. ಶನಿವಾರ ಸಂಜೆ ನೀವು ನನ್ನೆದುರಿಗೇ ಹೆಪ್ಪು ಹಾಕಿ. ನಾನು ಮೇಲೆ ಹೋಗಿ ಜೋರಾಗಿ ಹಾಕ್ತೀನಿ. ಬೆಳಿಗ್ಗೆ ಮೊಸರಾಗಿದ್ರೆ ಸ್ಪೀಕರ್ ಉಳೀಲಿ. ಆಗದೇ ಹೋದ್ರೆ ಅವತ್ತೇ ಕಳಿಸ್ಬಿಡ್ತೀನಿ."

"ಆಗಲಿ. ಸಾಕ್ಷಿಗೆ ಶೈಲಜಾ ಇರ್ತಾಳೆ."

ಶನಿವಾರ ದೀಪ ಹಚ್ಚುವ ಹೊತ್ತಿಗೆ ಮೂವರೂ ಜಾನಕಮ್ಮನವರ ಅಡುಗೆಮನೆಯಲ್ಲಿ ಸೇರಿದರು. ಒಲೆಯ ಮೇಲೆ ಹಾಲು ಉಕ್ಕಿ ಬಂತು. ಜಾನಕಮ್ಮ ಅದನ್ನು ಇಳಿಸಿ ಆರಲು ಬಿಟ್ಟು, ಅಸೋಸಿಯೇಷನ್ನಿನ ನೀರಿನ ಪಂಪಿನ ವಿಷಯ ಮಾತಾಡಿದರು. ಮಾತು ಬೇಗ ಮುಗಿಯಿತು. ಉಂಗುರದ ಬೆರಳನ್ನು ಹಾಲಿನಲ್ಲಿ ಅದ್ದಿ, ಪಾಠ ಮಾಡುವಾಗಿನ ದನಿ ತೆಗೆದರು.

"ಉಗುರುಬೆಚ್ಚಗೆ! ಎಂಥಾ ಪದ ನೋಡು ಶೈಲಜಾ. ಡಿಗ್ರಿ ಬೇಡ, ಮೀಟರ್ ಬೇಡ. ಉಗುರಿಗೆ ಬೆಚ್ಚಗಿದ್ರೆ ಹೆಪ್ಪಿಗೂ ಹಿತ. ನಮ್ಮತ್ತೆ ಬೆರಳಲ್ಲೇ ನೋಡ್ತಿದ್ರು, ನಾನೂ ಬೆರಳಲ್ಲೇ ನೋಡೋದು." ನಿಧಾನವಾಗಿ ಬೆರಳು ತೆಗೆದು, ಹೆಪ್ಪು ಹಾಕಿ ಕಲಕಿ, ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ಅವನತ್ತ ಚಾಚಿದರು. "ಕೈಲಾಸ, ನೀನೇ ಇದನ್ನ ಆ ಮೂಲೇಲಿಡು. ಆಮೇಲೆ ನಾನು ಅಲ್ಲಾಡಿಸಿದೆ ಅನ್ನೋ ಹಾಗಿರಬಾರದು."

ಕೈಲಾಸ ಎರಡೂ ಕೈಯಲ್ಲಿ ಪಾತ್ರೆ ತೆಗೆದುಕೊಂಡ. ತೆಗೆದುಕೊಂಡವನ ಪ್ರಾಣ ನೆತ್ತಿಗೆ ಹೋಯಿತು. ಉಗುರುಬೆಚ್ಚಗಲ್ಲ, ಹಾಲು ಕುದಿಯಿಂದ ಇಳಿದು ಇನ್ನೂ ನೆಟ್ಟಗೆ ಆರಿರಲಿಲ್ಲ. ಆ ಸ್ಟೀಲು ಅವನ ಅಂಗೈಯನ್ನು ಚುರ್ರೆನಿಸಿ ಸುಟ್ಟಿತು. ಬಿಡಲು ಹೋದ, ಬಿಟ್ಟರೆ ಮಿಸ್ಸಿನ ಹಾಲು ನೆಲಕ್ಕೆ. ಹಲ್ಲು ಕಚ್ಚಿ ನಡೆದ. ಎದುರಿಗಿದ್ದ ಮೂಲೆ ಮೈಸೂರಿನಷ್ಟು ದೂರ ಅನ್ನಿಸಿತು.

ಪಾತ್ರೆ ಇಟ್ಟು ತಿರುಗಿದರೆ, ಜಾನಕಮ್ಮ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಿದ್ದರು. ಬೆರಳ ತುದಿ ಕೆಂಪಗಾಗಿತ್ತು. ಹಳೆಯ ಚರ್ಮ ಸುಲಿದು ಬೆಳ್ಳಗಾದ ಕಲೆಗಳೂ ಇದ್ದವು. ಅವರ ಮುಖದಲ್ಲಿ ಮಾತ್ರ ನೋವಿನ ಸುಳಿವೇ ಇರಲಿಲ್ಲ. ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಕೈಲಾಸನ ಸೋದರಮಾವನಿಗೂ ಹೀಗೇ ಆಗಿತ್ತು, ಕಾಲಲ್ಲಿ ಚಪ್ಪಲಿ ಇದೆಯೋ ಬಿದ್ದಿದೆಯೋ ತಿಳಿಯುತ್ತಿರಲಿಲ್ಲ. ಮೊಸರನ್ನು ಒಡೆದದ್ದು ಮೃದಂಗವಲ್ಲ ಎಂದು ಅವನಿಗೆ ಆ ಕ್ಷಣ ಅರ್ಥವಾಯಿತು. ಜಾನಕಮ್ಮನವರ ಬೆರಳಿಗೆ ಬಿಸಿ ತಿಳಿಯುತ್ತಿರಲಿಲ್ಲ, ಅವರು ದಿನಾ ಹೆಪ್ಪನ್ನು ಸುಡುವ ಹಾಲಿಗೆ ಹಾಕಿ ಕೊಲ್ಲುತ್ತಿದ್ದರು.

ಒಂದೇ ಒಂದು ಮಾತು ಸಾಕಿತ್ತು. 'ಮಿಸ್, ಹಾಲು ಸುಡ್ತಿದೆ' ಎಂದರೆ ಸ್ಪೀಕರುಗಳು ಅವನವೇ, ಯಾರೂ ಕೇಳುವಂತಿಲ್ಲ. ಆದರೆ ಪಕ್ಕದಲ್ಲಿ ಶೈಲಜಮ್ಮ ಕಣ್ಣು ಕಿವಿ ಎರಡನ್ನೂ ತೆರೆದು ನಿಂತಿದ್ದರು. ಜಾನಕಮ್ಮನವರಿಗೆ ಹಾಲಿನ ಹದವೇ ತಿಳಿಯುವುದಿಲ್ಲವಂತೆ ಎಂಬ ಮಾತು ಊಟದ ಹೊತ್ತಿಗೆ ಎಲ್ಲ ಮನೆಗೂ ಹೋಗಿರುತ್ತಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಗತಿಯಾಯಿತು ಅವನದು, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಯಾಕ್ ಹಾಗೆ ನಿಂತ್ರಿ ಕೈಲಾಸ್ ಅವರೇ? ಎಲ್ಲಾ ಸರಿಯಾಗಿದ್ಯಾ?" ಎಂದರು ಶೈಲಜಮ್ಮ.

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಸರಿಯಾಗಿದೆ. ಉಗುರುಬೆಚ್ಚಗಿದೆ."

ಮೇಲೆ ಬಂದು ನಲ್ಲಿಯ ಕೆಳಗೆ ಕೈ ಹಿಡಿದ. ಪ್ರಿಯಂವದಾ ಕುಂಡದಿಂದ ಲೋಳೆಸರ ಮುರಿದು ತಂದು ಹಚ್ಚಿದಳು. ಅವನು ಎಲ್ಲ ಹೇಳಿದ.

"ಹಾಗಾದ್ರೆ ಬೆಳಿಗ್ಗೆ ಅದು ಮೊಸರಾಗಲ್ಲ."

"ಆಗಲ್ಲ."

"ಅವರೊಬ್ಬರೇ ಇರುವಾಗ ಹೇಳ್ಬಹುದಲ್ಲಾರೀ?"

"ಈಗ ಹೇಳಿದ್ರೆ ಸ್ಪೀಕರ್ ಉಳಿಸ್ಕೊಳ್ಳೋಕೆ ಹೇಳಿದ ಹಾಗಾಗುತ್ತೆ ಪ್ರಿಯಾ. ಮೊದ್ಲು ಇವು ಹೋಗಲಿ. ಆಮೇಲೆ ಹೇಳಿದ್ರೆ ನಂಬ್ತಾರೆ, ಡಾಕ್ಟರ ಹತ್ರಾನೂ ಬರ್ತಾರೆ." ಅವನು ಸ್ಪೀಕರುಗಳ ಕಡೆ ನೋಡಿದ. "ನನಗೆ ತುಂಬಾ ದುಃಖ ಆಗ್ತಿದೆ ಕಣೆ."

"ಹಾಕಿ, ಕೊನೇ ಸಲ ಇಬ್ಬರೂ ಕೂತು ಕೇಳೋಣ."

ಅವನಿಗೆ ಹಾಕಲು ಮನಸ್ಸಾಗಲಿಲ್ಲ. ಕಮಲದ ಮೇಲೆ ನಿಂತ ಎರಡು ಕಂಬಗಳ ಎದುರಿಗೆ ಇಬ್ಬರೂ ಸುಮ್ಮನೆ ಕೂತರು.

ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಮೀಟಿಂಗು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎಲ್ಲ ಮನೆಯವರೂ ಕೂತಿದ್ದರು. ನೀರಿನ ಪಂಪಿನ ವಿಷಯ ಯಾರಿಗೂ ಬೇಕಿರಲಿಲ್ಲ, ಎಲ್ಲರ ಕಣ್ಣೂ ಮೇಜಿನ ಮೇಲಿದ್ದ ಪಾತ್ರೆಯ ಮೇಲೆ. ಜಾನಕಮ್ಮ ಮುಚ್ಚಳ ತೆಗೆದರು. ತರಿ, ನೀರು. ಯಾರೋ ಲೊಚಗುಟ್ಟಿದರು.

ಯಾರಾದರೂ ಏನಾದರೂ ಹೇಳುವ ಮೊದಲೇ ಕೈಲಾಸ ಎದ್ದು ನಿಂತ. "ತಪ್ಪು ನಂದೇ. ಮಾತು ಕೊಟ್ಟ ಹಾಗೆ ನಿನ್ನೆ ಜೋರಾಗೇ ಹಾಕಿದ್ದೆ. ಮಿಸ್ ಹೇಳಿದ್ದು ಸರಿ, ನಮ್ಮ ಕಿವಿಗೆ ಕೇಳಿಸದೇ ಇರೋದು ಹೆಪ್ಪಿಗೆ ಕೇಳಿಸುತ್ತೆ. ಸ್ಪೀಕರ್ ಇವತ್ತೇ ಶಶಿಕಿರಣನ ಮನೆಗೆ ಹೋಗುತ್ತೆ."

ಜಾನಕಮ್ಮ ಕನ್ನಡಕದ ಮೇಲಿಂದ ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮುಚ್ಚಳ ಮುಚ್ಚಿ, "ಮೀಟಿಂಗ್ ಮುಗೀತು. ಎಲ್ಲರೂ ಹೋಗಿ. ಕೈಲಾಸ, ನೀನು ನಿಲ್ಲು," ಎಂದರು.

ಶೈಲಜಮ್ಮನಿಗೆ ಹೋಗುವ ಮನಸ್ಸೇ ಇರಲಿಲ್ಲ, ಪ್ರಿಯಂವದಾ ಅವರ ತೋಳು ಹಿಡಿದು ಕಾಫಿಗೆ ಕರೆದುಕೊಂಡು ಹೋದಳು. ತಾರಸಿ ಖಾಲಿಯಾಯಿತು.

"ನಿನ್ನೆ ಸಂಜೆ ನಿನ್ನ ಬಾಗಿಲ ಹತ್ರ ಬಂದು ನಿಂತಿದ್ದೆ," ಎಂದರು ಜಾನಕಮ್ಮ. "ಇವನು ಹಾಕ್ತಾನೋ, ಮೋಸ ಮಾಡ್ತಾನೋ ನೋಡೋಣ ಅಂತ. ಪರೀಕ್ಷೆ ಅಂದ್ಮೇಲೆ ಮೇಲ್ವಿಚಾರಣೆ ಇರಬೇಕಲ್ಲ. ಕಾಲು ನೋವು ಬರೋವರೆಗೂ ನಿಂತೆ. ಒಂದು ಸದ್ದಿಲ್ಲ. ಹಾಕದೇ ಇದ್ದೂ ಹಾಕಿದೆ ಅಂತ ಯಾಕೆ ಹೇಳಿದೆ?"

ಕೈಲಾಸ ನೆಲ ನೋಡಿದ.

"ಸುಳ್ಳು ಬೇರೆ ಕಲ್ತಿದೀಯ. ಕೈ ಚಾಚು."

ಅವನ ಕೈ ಅವನ ಮಾತು ಕೇಳಲಿಲ್ಲ. ನೆರೆತ ತಲೆಯ ಕಾಮರ್ಸ್ ಮೇಷ್ಟ್ರು ತಾರಸಿಯ ಮೇಲೆ ನಿಂತು, ಅಂಗೈ ಮೇಲೆ ಮಾಡಿ, ಎರಡೂ ಕೈ ಚಾಚಿದ. ಅಂಗೈ ತುಂಬ ನೀರು ತುಂಬಿದ ಬೊಬ್ಬೆಗಳು.

ಜಾನಕಮ್ಮ ಬಗ್ಗಿ ನೋಡಿದರು. ಉಂಗುರದ ಬೆರಳಿನಿಂದ ಒಂದು ಬೊಬ್ಬೆಯನ್ನು ಮೆಲ್ಲಗೆ ಮುಟ್ಟಿದರು. "ಪಾತ್ರೆಯಾ?"

ಅವನು ಕೈ ಮಡಿಸಿಕೊಳ್ಳಲು ನೋಡಿದ.

ಅವರು ಆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಸುಲಿದ ಚರ್ಮವನ್ನು ಇನ್ನೊಂದು ಕೈಯಿಂದ ಉಜ್ಜಿದರು. ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಕೈಲಾಸನಿಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಂಡ. ನೋವಾಯಿತು, ಬಿಡಲಿಲ್ಲ.

"ನನಗೆ ಗೊತ್ತೇ ಆಗಲಿಲ್ಲ ಕಣೋ," ಎಂದರು ಕೊನೆಗೆ. "ಪಾಪ, ಆ ಕಂಬಗಳನ್ನ ಬೈದೆ."

"ನಾಳೆ ಡಾಕ್ಟರ ಹತ್ರ ಹೋಗಿಬರೋಣ ಮಿಸ್. ನಾನು ಕರ್ಕೊಂಡು ಹೋಗ್ತೀನಿ."

"ಹೋಗೋಣ." ಅವರು ಕಣ್ಣೊರೆಸಿಕೊಂಡು ಎದ್ದು, ಪಾತ್ರೆಯ ನೀರನ್ನು ತುಳಸಿ ಪಕ್ಕದ ಕುಂಡಕ್ಕೆ ಸುರಿದರು. "ಕಂಬ ಎಲ್ಲೂ ಹೋಗಬೇಕಾಗಿಲ್ಲ. ಕೆಟ್ಟಿದ್ದು ನನ್ನ ಬೆರಳು ಅಂತ ಶೈಲಜಂಗೆ ನಾನೇ ಹೇಳ್ತೀನಿ, ಅವಳಿಗೆ ಹೇಳಿದ್ರೆ ಊರಿಗೆಲ್ಲ ಹೇಳಿದ ಹಾಗೆ." ಮೆಟ್ಟಿಲ ಹತ್ತಿರ ಹೋದವರು ತಿರುಗಿ ನಿಂತರು. "ಸಂಜೆ ಹೆಪ್ಪು ಹಾಕೋ ಹೊತ್ತಿಗೆ ಕೆಳಗೆ ಬಾ."

"ಬರ್ತೀನಿ ಮಿಸ್. ಏನಾದ್ರೂ ತರ್ಲಾ?"

"ಏನೂ ಬೇಡ," ಎಂದರು ಜಾನಕಮ್ಮ. "ನಿನ್ನ ಬೆರಳು ತಗೊಂಡು ಬಾ."